ವೈರ್‌ಲೆಸ್ ಕ್ಯಾಮೆರಾದ ಬ್ಯಾಟರಿ ಬೇಗ ಖಾಲಿ ಆಗುತ್ತಿದೆಯಾ? ಅದು ದಿನಕ್ಕೆ ಎಷ್ಟು ಸಲ ಎಚ್ಚರ ಆಗುತ್ತಿದೆ ಅಂತ ಮೊದಲು ಎಣಿಸಿ

ಪೆಟ್ಟಿಗೆ ಮೇಲೆ ‘ಒಂದು ಸಲ ಚಾರ್ಜ್ ಮಾಡಿದರೆ ಆರು ತಿಂಗಳು’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಗೋಡೆಗೆ ಹಾಕಿ ಮೂರು ವಾರ ಆಗುವಷ್ಟರಲ್ಲಿ ಫೋನಿಗೆ ‘ಲೋ ಬ್ಯಾಟರಿ’ ಎಂದು ಬಂದು ಕೂರುತ್ತದೆ. ಮತ್ತೆ ಏಣಿ ತರಬೇಕು, ಕ್ಯಾಮೆರಾ ಬಿಚ್ಚಬೇಕು, ಅರ್ಧ ದಿನ ಚಾರ್ಜಿಗೆ ಇಡಬೇಕು, ಆ ಅರ್ಧ ದಿನ ಗೇಟಿನ ಕಡೆ ನೋಡುವವರು ಯಾರೂ ಇಲ್ಲ. ಹಾಗಂತ ಕಂಪನಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇರುತ್ತದೆ: ದಿನಕ್ಕೆ ಇಷ್ಟೇ ಸಲ, ಇಷ್ಟೇ ಸೆಕೆಂಡ್ ರೆಕಾರ್ಡ್ ಆದರೆ ಮಾತ್ರ ಆರು ತಿಂಗಳು. ಆ ಲೆಕ್ಕ ಯಾರೂ ಓಡಾಡದ ಹಿತ್ತಲಿಗೆ ಸರಿ. ನಮ್ಮ ಬೀದಿಗಳಿಗೆ ಅಲ್ಲ.

ಇದು ಬ್ಯಾಟರಿ ಕ್ಯಾಮೆರಾ ಇರುವವರಿಗೆ ಮಾತ್ರ. ಟಾಪೋ, ಇಮೋ, ಎಜ್‌ವಿಜ್, ರಿಯೋಲಿಂಕ್, ಯೂಫಿ, ಆರ್ಲೋ, ಯಾವುದೇ ಇರಲಿ, ಒಳಗಿನ ಕಥೆ ಹೆಚ್ಚುಕಡಿಮೆ ಒಂದೇ. ಆ್ಯಪ್‌ನಲ್ಲಿ ಸೆಟ್ಟಿಂಗ್‌ಗಳ ಹೆಸರು ಸ್ವಲ್ಪ ಅತ್ತಿತ್ತ ಇರಬಹುದು ಅಷ್ಟೇ. ಕೆಳಗಿನ ಹೆಜ್ಜೆಗಳನ್ನು ಇದೇ ಸಾಲಿನಲ್ಲಿ ಮಾಡುತ್ತಾ ಹೋಗಿ, ಯಾಕೆಂದರೆ ಜಾಸ್ತಿ ಲಾಭ ಇರುವುದು ಮೊದಲ ಕೆಲವದರಲ್ಲೇ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ

ಬ್ಯಾಟರಿ ಕ್ಯಾಮೆರಾ ಹಗಲು ರಾತ್ರಿ ನೋಡುತ್ತಾ ಕೂತಿರುವುದಿಲ್ಲ. ಜಗಲಿ ಮೇಲೆ ಮಲಗಿರುವ ನಾಯಿ ಥರ ಅದು ನಿದ್ದೆಯಲ್ಲೇ ಇರುತ್ತದೆ, ಒಂದು ಕಿವಿ ಮಾತ್ರ ನೆಟ್ಟಗೆ. ಆ ಕಿವಿಯ ಹೆಸರು ಪಿಐಆರ್ ಸೆನ್ಸರ್. ಇದು ಚಿತ್ರ ನೋಡುವುದಿಲ್ಲ, ಎದುರಿನ ಜಾಗದಲ್ಲಿ ಬಿಸಿ ಅತ್ತಿಂದಿತ್ತ ಸರಿದರೆ ಅದನ್ನು ಹಿಡಿಯುತ್ತದೆ. ಮನುಷ್ಯನ ಮೈ, ದನದ ಮೈ, ಈಗ ತಾನೇ ನಿಂತ ಬೈಕಿನ ಇಂಜಿನ್, ಎಲ್ಲವೂ ಅದಕ್ಕೆ ಬಿಸಿಯೇ. ಹಿಡಿದ ತಕ್ಷಣ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಆಮೇಲೆ ಲೆನ್ಸ್, ಪ್ರೊಸೆಸರ್, ವೈಫೈ, ರಾತ್ರಿಯಾದರೆ ಇನ್‌ಫ್ರಾರೆಡ್ ಎಲ್‌ಇಡಿ, ಎಲ್ಲವೂ ಒಟ್ಟಿಗೆ ಚಾಲೂ. ಖರ್ಚು ಆಗುವುದು ಅಲ್ಲೇ.

ಒಂದು ಅಂದಾಜಿನ ಲೆಕ್ಕ ಹಾಕೋಣ. ನಿಮ್ಮ ಮಾದರಿಯ ಅಂಕಿ ಬೇರೆ ಇರಬಹುದು, ಆದರೆ ಚಿತ್ರ ಇದೇ. 5200 ಎಂಎಎಚ್ ಬ್ಯಾಟರಿ, 3.6 ವೋಲ್ಟ್ ಎಂದರೆ ಸುಮಾರು 18.7 ವ್ಯಾಟ್ ಅವರ್, ಇದು ಬ್ಯಾಟರಿಯಲ್ಲಿ ತುಂಬಿರುವ ಒಟ್ಟು ಶಕ್ತಿ. ನಿದ್ದೆಯಲ್ಲಿ 2 ಮಿಲಿಆಂಪ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 0.17 ವ್ಯಾಟ್ ಅವರ್ ಹೋಗುತ್ತದೆ, ಅಂದರೆ ಏನೂ ನಡೆಯದಿದ್ದರೆ ನೂರು ದಿನ ದಾಟುತ್ತದೆ. ಎಚ್ಚರ ಇದ್ದಾಗ 1.5 ವ್ಯಾಟ್ ಎಂದುಕೊಳ್ಳಿ, 20 ಸೆಕೆಂಡಿನ ಒಂದು ಕ್ಲಿಪ್‌ಗೆ 0.008 ವ್ಯಾಟ್ ಅವರ್ ಚಿಲ್ಲರೆ. ಒಂದು ಕ್ಲಿಪ್ ಏನೂ ಅಲ್ಲ, ಅಲ್ವಾ? ಆದರೆ ದಿನಕ್ಕೆ 10 ಕ್ಲಿಪ್ ಆದರೆ ಬ್ಯಾಟರಿ ಸುಮಾರು 70 ದಿನ ಬರುತ್ತದೆ, 50 ಆದರೆ ಒಂದು ತಿಂಗಳು, 150 ಆದರೆ ಎರಡು ವಾರಕ್ಕೂ ಕಡಿಮೆ. ಬ್ಯಾಟರಿ ಅದೇ, ಕ್ಯಾಮೆರಾ ಅದೇ. ಬದಲಾಗಿದ್ದು ಎಷ್ಟು ಸಲ ಎದ್ದಿತು ಅನ್ನುವುದು ಮಾತ್ರ.

ಹಾಗಾಗಿ ಕೆಳಗೆ ಹೇಳುವ ಪ್ರತಿಯೊಂದು ಕೆಲಸದ ಉದ್ದೇಶ ಎರಡರಲ್ಲಿ ಒಂದು: ಸುಮ್ನೆ ಎದ್ದೇಳುವುದನ್ನು ತಪ್ಪಿಸುವುದು, ಇಲ್ಲವೇ ಎದ್ದ ಮೇಲೆ ಬೇಗ ಮಲಗಿಸುವುದು.

ಹೆಜ್ಜೆ 1: ಎಬ್ಬಿಸುತ್ತಿರುವವರು ಯಾರು ಪತ್ತೆ ಮಾಡಿ

ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಆ್ಯಪ್ ತೆರೆದು ಕಳೆದ ಎರಡು ಮೂರು ದಿನದ ಈವೆಂಟ್ ಪಟ್ಟಿ ನೋಡಿ, ಒಂದು ಕಾಗದದಲ್ಲಿ ಎರಡು ಕಾಲಂ ಹಾಕಿ: ಬೇಕಾದದ್ದು, ಬೇಡವಾದದ್ದು. ಕೆಲವು ಆ್ಯಪ್‌ಗಳಲ್ಲಿ ಬ್ಯಾಟರಿ ಪುಟದಲ್ಲೇ ಎಷ್ಟು ಸಲ ಎಚ್ಚರ ಆಯಿತು, ಎಷ್ಟು ಹೊತ್ತು ಲೈವ್ ನೋಡಿದರು ಎಂಬ ಲೆಕ್ಕ ಸಿಗುತ್ತದೆ.

ಬೆಂಗಳೂರಿನ ಮೂವತ್ತು-ನಲವತ್ತು ಅಡಿ ಸೈಟಿನ ಮನೆಯೊಂದರ ಬೆಳಗ್ಗೆಯ ಪಟ್ಟಿ ಹೇಗಿರುತ್ತದೆ ಗೊತ್ತಾ? ಐದೂವರೆಗೆ ಹಾಲಿನವರು. ಆಮೇಲೆ ಪೇಪರ್ ಹುಡುಗ. ಎದುರು ಮನೆಯವರು ರಂಗೋಲಿ ಹಾಕುವಾಗ ನಾಲ್ಕು ಸಲ, ಯಾಕೆಂದರೆ ಅವರು ಬಗ್ಗಿ ಎದ್ದಾಗೆಲ್ಲ ಒಂದು ಕ್ಲಿಪ್. ವಾಕಿಂಗ್ ಹೋಗುವವರು, ಅವರ ನಾಯಿ, ಆ ನಾಯಿಯ ಹಿಂದೆ ಬೀದಿ ನಾಯಿಗಳು. ಕಸದ ಆಟೋ ಬಂದು ನಿಂತಾಗ ಒಂದು, ಬೀದಿಯವರೆಲ್ಲ ಬಕೆಟ್ ಹಿಡಿದು ಬಂದಾಗ ಇನ್ನೊಂದಿಷ್ಟು. ಸೊಪ್ಪಿನ ಗಾಡಿ, ಸ್ಕೂಲ್ ವ್ಯಾನ್, ಡೆಲಿವರಿ ಬೈಕು. ಇಷ್ಟರಲ್ಲಿ ನಿಮ್ಮ ಗೇಟು ತೆಗೆದು ಒಳಗೆ ಬಂದವರು ಹಾಲಿನವರೊಬ್ಬರೇ. ಉಳಿದದ್ದೆಲ್ಲ ಬೀದಿಯ ವ್ಯವಹಾರ, ನಿಮ್ಮ ಬ್ಯಾಟರಿಯಲ್ಲಿ.

ಬೇಡವಾದದ್ದರ ಕಾಲಂ ಉದ್ದ ಇದ್ದರೆ ಹೆಜ್ಜೆ 2 ಮತ್ತು 3 ನಿಮಗೆ ಮುಖ್ಯ. ಈವೆಂಟ್ ಕಡಿಮೆ ಇದ್ದೂ ಬ್ಯಾಟರಿ ಇಳಿಯುತ್ತಿದ್ದರೆ ನೇರ ಹೆಜ್ಜೆ 4ಕ್ಕೆ ಹೋಗಿ, ಅಲ್ಲಿ ವೈಫೈ ಕೈವಾಡ ಇರುವ ಸಾಧ್ಯತೆ ಜಾಸ್ತಿ.

ಹೆಜ್ಜೆ 2: ಕ್ಯಾಮೆರಾದ ಮುಖ ತಿರುಗಿಸಿ

ಹೆಚ್ಚಿನವರು ಇದನ್ನು ಬಿಟ್ಟು ಆ್ಯಪ್‌ನಲ್ಲೇ ತಲೆಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧ ಸಮಸ್ಯೆ ಸ್ಕ್ರೂಡ್ರೈವರ್‌ನಲ್ಲೇ ಮುಗಿಯುತ್ತದೆ.

ಎತ್ತರ ಏಳರಿಂದ ಹತ್ತು ಅಡಿ ಇರಲಿ. ಮುಖ ಸ್ವಲ್ಪ ಕೆಳಕ್ಕೆ ಬಾಗಿರಲಿ, ಚಿತ್ರದಲ್ಲಿ ಮೇಲಿನ ಅರ್ಧ ಪೂರ್ತಿ ಆಕಾಶ, ರಸ್ತೆ, ಎದುರು ಮನೆ ಇದ್ದರೆ ಇನ್ನಷ್ಟು ಬಾಗಿಸಿ. ಕಾಂಪೌಂಡ್ ಗೋಡೆ ಇದ್ದರೆ ಅದನ್ನೇ ಅಡ್ಡಗೋಡೆಯಾಗಿ ಬಳಸಿಕೊಳ್ಳಿ: ಚಿತ್ರದ ಮೇಲಂಚು ಗೋಡೆಯ ತಲೆಗೆ ಮುಟ್ಟುವ ಹಾಗೆ ಕೋನ ಹೊಂದಿಸಿದರೆ ರಸ್ತೆಯ ಬಹುಪಾಲು ಓಡಾಟ ಪಿಐಆರ್ ಕಣ್ಣಿಗೆ ಬೀಳುವುದೇ ಇಲ್ಲ. ಎದುರು ಮನೆಯವರ ಬಾಗಿಲು ನಿಮ್ಮ ಕ್ಯಾಮೆರಾದಲ್ಲಿ ಕಾಣದಿದ್ದರೆ ಬ್ಯಾಟರಿಯೂ ಉಳಿಯುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ.

ಇನ್ನೊಂದು ವಿಷಯ. ಪಿಐಆರ್‌ಗೆ ಅಡ್ಡಡ್ಡ ನಡೆಯುವವರು ಚೆನ್ನಾಗಿ ಸಿಗುತ್ತಾರೆ, ನೇರ ಎದುರಿಗೆ ಬರುವವರು ಅಷ್ಟು ಬೇಗ ಸಿಗುವುದಿಲ್ಲ. ಗೇಟಿಗೆ ನೇರ ಎದುರು ಕ್ಯಾಮೆರಾ ಇಟ್ಟರೆ ಏನಾಗುತ್ತದೆ ನೋಡಿ: ನಿಮಗೆ ಬೇಕಾದವನು, ಗೇಟು ದಾಟಿ ನೇರ ಒಳಗೆ ಬರುವವನು, ತಡವಾಗಿ ಸಿಗುತ್ತಾನೆ, ಬೇಡವಾದ ರಸ್ತೆಯ ಗಾಡಿಗಳು ಅಡ್ಡ ಹೋಗುವುದರಿಂದ ಎಲ್ಲವೂ ಸಿಗುತ್ತವೆ. ಪೂರ್ತಿ ಉಲ್ಟಾ. ಕ್ಯಾಮೆರಾವನ್ನು ಪಕ್ಕದ ಗೋಡೆಗೆ ಸರಿಸಿ, ಗೇಟಿನಿಂದ ಬಾಗಿಲಿಗೆ ಬರುವ ದಾರಿ ಚಿತ್ರದಲ್ಲಿ ಅಡ್ಡಕ್ಕೆ ಬರುವಂತೆ ಇಡಿ. ಇದೊಂದೇ ಬದಲಾವಣೆಗೆ ಈವೆಂಟ್ ಪಟ್ಟಿ ಎಷ್ಟು ಚಿಕ್ಕದಾಗುತ್ತದೆ ಎಂದು ನೀವೇ ನೋಡಿ.

ಕ್ಯಾಮೆರಾ ಎದುರು ಇರಬಾರದ್ದು: ಎಸಿಯ ಹೊರಗಿನ ಯೂನಿಟ್, ಗ್ಯಾಸ್ ಗೀಸರ್ ಹೊಗೆ ಬರುವ ಕಿಂಡಿ, ಬಿಸಿಲಿಗೆ ಕಾದ ತಗಡು, ಬಟ್ಟೆ ಒಣಗಿಸುವ ತಂತಿ, ಹತ್ತಿರದ ಬಾಳೆ ಗಿಡ. ಬಾಳೆ ಎಲೆಗೇನು ಬಿಸಿ ಅನ್ನಬೇಡಿ, ಬಿಸಿಲಿಗೆ ಕಾದ ಅಗಲ ಎಲೆ ಗಾಳಿಗೆ ಆಡಿದರೆ ಸೆನ್ಸರ್‌ಗೆ ಅದೂ ಸರಿದ ಬಿಸಿಯೇ. ಮತ್ತೆ, ಕಿಟಕಿ ಗಾಜಿನ ಒಳಗಿಂದ ಹೊರಗೆ ನೋಡಲು ಈ ಕ್ಯಾಮೆರಾ ಇಡಬೇಡಿ. ದೇಹದ ಬಿಸಿಯನ್ನು ಗಾಜು ತಡೆಯುತ್ತದೆ, ಪಿಐಆರ್ ಹೊರಗಿನವರನ್ನು ಹಿಡಿಯುವುದೇ ಇಲ್ಲ.

ಕೋನ ಎಷ್ಟು ಹೊಂದಿಸಿದರೂ ರಸ್ತೆ ತಪ್ಪಿಸಲು ಆಗದ ಮನೆಗಳಿಗೆ ಒಂದು ನಾಟಿ ಉಪಾಯ ಇದೆ, ಕೆಲಸ ಮಾಡುತ್ತದೆ. ಕ್ಯಾಮೆರಾ ಮುಖದಲ್ಲಿ ಲೆನ್ಸ್‌ನ ಕೆಳಗೆ ಬಿಳಿ ಬಣ್ಣದ, ಉಬ್ಬಿಕೊಂಡಿರುವ ಪುಟ್ಟ ಪ್ಲಾಸ್ಟಿಕ್ ಗುಮ್ಮಟ ಇರುತ್ತದೆ, ಬೆರಳಲ್ಲಿ ಸವರಿದರೆ ಮೆತ್ತಗೆ ಅನಿಸುತ್ತದೆ. ಅದೇ ಪಿಐಆರ್ ಮುಚ್ಚಳ. ಎಲೆಕ್ಟ್ರಿಷಿಯನ್ ಬಳಸುವ ಕರಿ ಇನ್ಸುಲೇಷನ್ ಟೇಪಿನಿಂದ ಕಿರುಬೆರಳಿನ ಉಗುರಿನಷ್ಟು ಅಗಲದ ಪಟ್ಟಿ ಕತ್ತರಿಸಿ, ಗುಮ್ಮಟದ ಯಾವ ಅಂಚು ರಸ್ತೆ ಕಡೆಗಿದೆಯೋ ಅಲ್ಲಿ ಅಂಟಿಸಿ. ಲೆನ್ಸ್ ಮೇಲೆ ಬರಬಾರದು, ಬೆಳಕಿನ ಸೆನ್ಸರ್ ಮೇಲೂ ಬರಬಾರದು. ಆಮೇಲೆ ಮನೆಯವರೊಬ್ಬರನ್ನು ರಸ್ತೆಯಲ್ಲಿ ಓಡಾಡಲು ಹೇಳಿ, ನೀವು ಗೇಟಿನ ಒಳಗೆ ಓಡಾಡಿ ನೋಡಿ. ರಸ್ತೆಗೆ ಸುಮ್ಮನಿದ್ದು ಗೇಟಿಗೆ ಎದ್ದರೆ ಸರಿ. ಇಲ್ಲದಿದ್ದರೆ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ನೋಡಲು ಅಂದವಾಗಿಲ್ಲ, ಒಪ್ಪುತ್ತೇನೆ.

ಹೆಜ್ಜೆ 3: ಈಗ ಸೆಟ್ಟಿಂಗ್‌ಗಳು

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ‘ಆಕ್ಟಿವಿಟಿ ಜೋನ್’ ಬರೆದರೆ, ಅಂದರೆ ಚಿತ್ರದಲ್ಲಿ ಇಷ್ಟೇ ಜಾಗ ನೋಡು ಎಂದು ಗೆರೆ ಎಳೆದರೆ, ಮನುಷ್ಯರನ್ನು ಮಾತ್ರ ಗುರುತಿಸುವ ‘ಪರ್ಸನ್ ಡಿಟೆಕ್ಷನ್’ ಹಾಕಿದರೆ ಬ್ಯಾಟರಿ ಉಳಿಯುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಉಳಿಯುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಬಹಳಷ್ಟು ಮಾದರಿಗಳಲ್ಲಿ ಪಿಐಆರ್ ಮೊದಲು ಎಬ್ಬಿಸುತ್ತದೆ, ಆಮೇಲೆ ಕ್ಯಾಮೆರಾ ಚಿತ್ರ ನೋಡಿ ‘ಇದು ಮನುಷ್ಯನಲ್ಲ’, ‘ಇದು ಗೆರೆಯ ಹೊರಗೆ’ ಎಂದು ತೀರ್ಮಾನಿಸಿ ಮತ್ತೆ ಮಲಗುತ್ತದೆ. ರೆಕಾರ್ಡ್ ಮಾಡಿ ಕಳಿಸುವ ಖರ್ಚು ಉಳಿಯಿತು, ಎದ್ದ ಖರ್ಚು ಆಗಿಯೇ ಹೋಯಿತು. ನಿಮ್ಮ ಫೋನಿಗೆ ನೋಟಿಫಿಕೇಷನ್ ಬರಲಿಲ್ಲ ಎಂದರೆ ಕ್ಯಾಮೆರಾ ಎದ್ದೇ ಇಲ್ಲ ಎಂದು ಅರ್ಥವಲ್ಲ. ಅದಕ್ಕೇ ಹೆಜ್ಜೆ 2 ಮೊದಲು.

ಸೆನ್ಸಿಟಿವಿಟಿಯನ್ನು ಮಧ್ಯಕ್ಕೆ ಇಳಿಸಿ ಎರಡು ದಿನ ನೋಡಿ, ಗೇಟಿನೊಳಗೆ ಬಂದವರು ಯಾರೂ ತಪ್ಪಿಲ್ಲ ಎಂದರೆ ಇನ್ನೊಂದು ಮೆಟ್ಟಿಲು ಇಳಿಸಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಒಂದು ಗಮನಿಸಬೇಕು. ಬೇಸಿಗೆ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದಾಗ ನೆಲ, ಗೋಡೆ, ಮನುಷ್ಯನ ಮೈ ಎಲ್ಲದರ ಬಿಸಿಯೂ ಹತ್ತಿರ ಹತ್ತಿರ ಬಂದುಬಿಡುತ್ತದೆ. ವ್ಯತ್ಯಾಸ ಇಲ್ಲದಿದ್ದರೆ ಪಿಐಆರ್‌ಗೆ ಹಿಡಿಯಲು ಏನೂ ಇಲ್ಲ. ‘ಮಧ್ಯಾಹ್ನ ಸರಿಯಾಗಿ ಹಿಡಿಯುತ್ತಿಲ್ಲ’ ಎಂದು ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ರಾತ್ರಿ ತಂಪಾದ ಮೇಲೆ ಬೆಕ್ಕು ಹೋದರೂ ಎದ್ದು ಕೂರುತ್ತದೆ. ಹಗಲಿಗೆ ಒಂದು, ರಾತ್ರಿಗೆ ಒಂದು ಇಡುವ ಸೌಲಭ್ಯ ನಿಮ್ಮ ಆ್ಯಪ್‌ನಲ್ಲಿ ಇದ್ದರೆ ಬಳಸಿ.

ಕ್ಲಿಪ್ ಉದ್ದ 60 ಸೆಕೆಂಡ್ ಇದ್ದರೆ 15 ಅಥವಾ 20ಕ್ಕೆ ತನ್ನಿ. ‘ಓಡಾಟ ನಿಂತರೆ ಕ್ಲಿಪ್ ಬೇಗ ಮುಗಿಸು’ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಒಂದು ಕ್ಲಿಪ್ ಮುಗಿದ ಮೇಲೆ ಮತ್ತೆ ಏಳುವ ಮುಂಚಿನ ಬಿಡುವು, ಅಂದರೆ ರೀಟ್ರಿಗರ್ ಟೈಮ್, 30 ಸೆಕೆಂಡಿನಿಂದ ಒಂದು ನಿಮಿಷ ಇರಲಿ. ಇದರಲ್ಲಿ ಒಂದು ಅಪಾಯ ಇದೆ, ಬಿಡುವಿನ ಹೊತ್ತಲ್ಲಿ ನಡೆದದ್ದು ರೆಕಾರ್ಡ್ ಆಗುವುದಿಲ್ಲ. ಹಾಗಾಗಿ ಮುಂಬಾಗಿಲಿನ ಕ್ಯಾಮೆರಾಕ್ಕೆ ಬಿಡುವು ಚಿಕ್ಕದು, ಹಿತ್ತಲು ಮತ್ತು ಪಾರ್ಕಿಂಗ್‌ಗೆ ದೊಡ್ಡದು ಇಟ್ಟರೆ ಆಯಿತು.

ಶೆಡ್ಯೂಲ್ ಹಾಕುವುದು ಎಲ್ಲಕ್ಕಿಂತ ಸುಲಭ, ಆದರೂ ಯಾರೂ ಹಾಕುವುದಿಲ್ಲ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮನೆಯವರೇ ಅಂಗಳದಲ್ಲಿ ಹತ್ತು ಸಲ ಓಡಾಡುವಾಗ ಕ್ಯಾಮೆರಾ ನಿಮ್ಮನ್ನೇ ಹತ್ತು ಸಲ ಹಿಡಿದು ಏನು ಸಾಧಿಸಬೇಕು? ಆ ಹೊತ್ತಿಗೆ ಆಫ್ ಮಾಡಿ. ಫೋನಿನ ಲೊಕೇಷನ್ ನೋಡಿ ನೀವು ಮನೆಯಲ್ಲಿದ್ದಾಗ ತಾನೇ ಸುಮ್ಮನಾಗುವ ಜಿಯೋಫೆನ್ಸಿಂಗ್ ಕೆಲವು ಆ್ಯಪ್‌ಗಳಲ್ಲಿದೆ. ಆದರೆ ಮನೆಯಲ್ಲಿ ವಯಸ್ಸಾದವರು ಇದ್ದು ನೀವು ಹೊರಗಿದ್ದರೆ ಅದನ್ನು ನಂಬಿ ಕೂರಬೇಡಿ, ಶೆಡ್ಯೂಲೇ ವಾಸಿ.

ಇನ್ನು ರಾತ್ರಿ. ಕಲರ್ ನೈಟ್ ವಿಷನ್‌ಗಾಗಿ ಉರಿಯುವ ಬಿಳಿ ಸ್ಪಾಟ್‌ಲೈಟ್ ಬ್ಯಾಟರಿಯನ್ನು ಚೆನ್ನಾಗಿ ನೆಕ್ಕುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಕಥೆ. ಅದನ್ನು ಆಫ್ ಮಾಡಿ ಕಪ್ಪು-ಬಿಳುಪಿನ ಇನ್‌ಫ್ರಾರೆಡ್ ಇಟ್ಟುಕೊಳ್ಳಿ. ಬಣ್ಣದಲ್ಲೇ ಬೇಕು ಎನ್ನುವವರು ಗೇಟಿನ ಹತ್ತಿರ ಕರೆಂಟಿನ 9 ವ್ಯಾಟ್ ಎಲ್‌ಇಡಿ ಬಲ್ಬು ಹಾಕಿ, ರಾತ್ರಿ 12 ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ಬಲ್ಬು ಕ್ಯಾಮೆರಾದ ಪಕ್ಕದಲ್ಲೇ ಬೇಡ, ನಾಲ್ಕಾರು ಅಡಿ ದೂರ ಇರಲಿ. ಇಲ್ಲದಿದ್ದರೆ ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ, ಲೆನ್ಸ್ ಮುಂದೆ ಜೇಡರ ಬಲೆ.

ರೆಸಲ್ಯೂಷನ್ 2ಕೆ ಇದ್ದರೆ 1080ಪಿಗೆ ಇಳಿಸುವುದರಿಂದ ಕಳಿಸಬೇಕಾದ ಡೇಟಾ ಕಡಿಮೆ ಆಗುತ್ತದೆ. ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಎಚ್ 265 ಆಯ್ಕೆ ಇದ್ದರೆ ಅದನ್ನೇ ಇಡಿ, ಎಚ್ 264ಕ್ಕಿಂತ ಫೈಲ್ ಚಿಕ್ಕದು. ಆದರೆ ಮುಖವೋ ಗಾಡಿ ನಂಬರೋ ಗುರುತು ಹತ್ತಬೇಕಾದ ಜಾಗದಲ್ಲಿ ಬ್ಯಾಟರಿ ಉಳಿಸಲು ಹೋಗಿ ಚಿತ್ರ ಹಾಳುಮಾಡಿಕೊಳ್ಳಬೇಡಿ.

ಹೆಜ್ಜೆ 4: ವೈಫೈ, ಮತ್ತು ಕರೆಂಟ್ ಹೋದಾಗ ಆಗುವ ಕಿತಾಪತಿ

ಸಿಗ್ನಲ್ ಕಡಿಮೆ ಇದ್ದರೆ ಅದೇ 20 ಸೆಕೆಂಡಿನ ಕ್ಲಿಪ್ ಕಳಿಸಲು ಕ್ಯಾಮೆರಾ ಜಾಸ್ತಿ ಹೊತ್ತು ಎಚ್ಚರ ಇರಬೇಕು. ಡೇಟಾ ತುಂಡುಗಳು ದಾರಿಯಲ್ಲಿ ಕಳೆದುಹೋಗುತ್ತವೆ, ಮತ್ತೆ ಕಳಿಸಬೇಕು, ರೇಡಿಯೋ ಪೂರ್ತಿ ಜೋರಿನಲ್ಲಿ ಕೂಗುತ್ತಲೇ ಇರುತ್ತದೆ. ಆ್ಯಪ್‌ನ ಡಿವೈಸ್ ಇನ್ಫೋದಲ್ಲಿ ಸಿಗ್ನಲ್ ಅಂಕಿ ನೋಡಿ. ಮೈನಸ್ 50 ಡಿಬಿಎಂ ಇದ್ದರೆ ಭರ್ಜರಿ, ಮೈನಸ್ 60ರವರೆಗೆ ಚಿಂತೆ ಇಲ್ಲ, ಮೈನಸ್ 70 ದಾಟಿ 75, 80 ಕಡೆ ಹೋದರೆ ಬ್ಯಾಟರಿಗೆ ಹೊಡೆತ. ಆ್ಯಪ್‌ನಲ್ಲಿ ಅಂಕಿ ಇಲ್ಲದಿದ್ದರೆ ಫೋನಿನಲ್ಲಿ ಸಿಗ್ನಲ್ ಅಳೆಯುವ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಕ್ಯಾಮೆರಾ ಪಕ್ಕದಲ್ಲೇ ಹಿಡಿದು ನೋಡಿ, ಅಂದಾಜು ಸಿಗುತ್ತದೆ.

ರೂಟರ್ ಟಿವಿಯ ಹಿಂದೆಯೋ, ಕಬ್ಬಿಣದ ಬೀರುವಿನ ಪಕ್ಕದಲ್ಲೋ ಇದ್ದರೆ ಮೊದಲು ಅದನ್ನು ಹೊರತೆಗೆಯಿರಿ. ಹಳೆ ಮನೆಗಳ ದಪ್ಪ ಕಲ್ಲಿನ ಗೋಡೆ, ಹೊಸ ಮನೆಗಳ ಆರ್‌ಸಿಸಿ ಮೋಲ್ಡು ಎರಡೂ ಸಿಗ್ನಲ್ ತಿನ್ನುತ್ತವೆ. ಕ್ಯಾಮೆರಾವನ್ನು 2.4 ಗಿಗಾಹರ್ಟ್ಜ್‌ಗೆ ಸೇರಿಸಿ, ಗೋಡೆ ದಾಟಿ ಹೋಗುವುದರಲ್ಲಿ ಅದು 5ಕ್ಕಿಂತ ಮುಂದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಚಾನೆಲ್ 1, 6, 11ರಲ್ಲಿ ಯಾವುದರಲ್ಲಿ ಗದ್ದಲ ಕಡಿಮೆಯೋ ಅದನ್ನು ರೂಟರ್‌ನಲ್ಲಿ ಖಾಯಂ ಮಾಡಿ. ಹಬ್ (ಕ್ಯಾಮೆರಾ ಜೊತೆ ಮಾತಾಡಲು ಮನೆಯೊಳಗೆ ಇಡುವ ಡಬ್ಬಿ) ಜೊತೆ ಬರುವ ಮಾದರಿಯಾದರೆ ಹಬ್ಬನ್ನು ಕ್ಯಾಮೆರಾಕ್ಕೆ ಹತ್ತಿರದ ಕೋಣೆಯಲ್ಲಿಡಿ. ರೂಟರ್ ಸೆಟ್ಟಿಂಗ್ ಒಳಗೆ ಹೋಗುವ ಧೈರ್ಯ ಇರುವವರು ಡಿಟಿಐಎಂ ಎಂಬ ಅಂಕಿ 1 ಇದ್ದರೆ 3 ಮಾಡಿ ನೋಡಬಹುದು, ಮಲಗಿರುವ ಸಾಧನಗಳು ‘ನನಗೇನಾದರೂ ಬಂತಾ’ ಎಂದು ಕಿವಿ ತೆರೆಯುವ ಸರದಿ ಅದರಿಂದ ಕಡಿಮೆ ಆಗುತ್ತದೆ. ಕ್ಯಾಮೆರಾ ಆಗಾಗ ಆಫ್‌ಲೈನ್ ಹೋಗಲು ಶುರುವಾದರೆ ವಾಪಸ್ ಇಟ್ಟುಬಿಡಿ.

ಈಗ ನಮ್ಮೂರಿನ ಮುಖ್ಯ ಕಾಯಿಲೆ. ಕರೆಂಟ್ ಹೋಗುತ್ತದೆ, ರೂಟರ್ ಆಫ್ ಆಗುತ್ತದೆ. ಬ್ಯಾಟರಿ ಕ್ಯಾಮೆರಾಕ್ಕೆ ಕರೆಂಟಿನ ಹಂಗಿಲ್ಲ, ಅದು ಆನ್ ಆಗಿಯೇ ಇದೆ. ಆದರೆ ಅದಕ್ಕೆ ವೈಫೈ ಕಾಣುತ್ತಿಲ್ಲ. ಆಗ ಬಹಳಷ್ಟು ಮಾದರಿಗಳು ಹುಡುಕುತ್ತವೆ, ಸಿಗಲಿಲ್ಲ, ಸ್ವಲ್ಪ ಬಿಟ್ಟು ಮತ್ತೆ ಹುಡುಕುತ್ತವೆ. ಹಳ್ಳಿ ಕಡೆ ದಿನಕ್ಕೆ ನಾಲ್ಕಾರು ಗಂಟೆ ಕರೆಂಟ್ ಇರದಿದ್ದರೆ ಅಷ್ಟೂ ಹೊತ್ತು ಇದೇ ಪಾಡು. ಈವೆಂಟ್ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ, ಬ್ಯಾಟರಿ ಮಾತ್ರ ಇಳಿದಿರುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುಂಚೆ ಇದನ್ನು ಪರೀಕ್ಷಿಸಿ: ಬ್ಯಾಟರಿ ಜಾಸ್ತಿ ಇಳಿದ ದಿನವೂ ಕರೆಂಟ್ ಜಾಸ್ತಿ ಹೋದ ದಿನವೂ ಒಂದೇನಾ?

ಹೌದು ಎಂದಾದರೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿ. ಅಂಗೈ ಅಗಲದ ಡಬ್ಬಿ, ರೂಟರ್ ಅಡಾಪ್ಟರ್ ಮತ್ತು ರೂಟರ್ ಮಧ್ಯೆ ಕೂರುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಬರಹ ಓದಿ, ಬಹುತೇಕ 12 ವೋಲ್ಟ್ ಇರುತ್ತದೆ, ಕೆಲವು 9 ವೋಲ್ಟ್. ಆಂಪಿಯರ್ ಎಷ್ಟಿದೆಯೋ ಅಷ್ಟು ಅಥವಾ ಜಾಸ್ತಿ ಕೊಡುವ ಯುಪಿಎಸ್ ತೆಗೆದುಕೊಳ್ಳಿ. ಫೈಬರ್ ಕನೆಕ್ಷನ್‌ಗೆ ಬೇರೆ ಡಬ್ಬಿ ಇದ್ದರೆ ಅದಕ್ಕೂ ಪವರ್ ಬೇಕು, ಮರೆಯಬೇಡಿ. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದ್ದರೆ ಇದರ ಅಗತ್ಯವೇ ಇಲ್ಲ, ರೂಟರ್ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಕೊಡಿಸಿ.

ಹೆಜ್ಜೆ 5: ಲೈವ್ ನೋಡುವ ಚಟ

ಮಗ ಡಲ್ಲಾಸ್‌ನಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಮಗ ಬೆಳಗ್ಗೆ ಕಾಫಿ ಕುಡಿಯುತ್ತಾ ಹತ್ತು ನಿಮಿಷ ಲೈವ್ ನೋಡುತ್ತಾನೆ, ಸೊಸೆ ರಾತ್ರಿ ಹತ್ತು ನಿಮಿಷ. ಪ್ರೀತಿಯೇ, ಬೇಡ ಎನ್ನಲಾಗದು. ಆದರೆ ಮೇಲಿನ ಲೆಕ್ಕದಲ್ಲಿ ಹತ್ತು ನಿಮಿಷದ ಲೈವ್ ಅಂದರೆ 20 ಸೆಕೆಂಡಿನ 30 ಕ್ಲಿಪ್‌ಗಳಿಗೆ ಸಮ. ಇಬ್ಬರೂ ನೋಡಿದರೆ 60.

ಲೈವ್ ಬದಲು ರೆಕಾರ್ಡ್ ಆದ ಕ್ಲಿಪ್ ನೋಡುವುದನ್ನು ರೂಢಿ ಮಾಡಿಸಿ, ಕ್ಲೌಡ್‌ನಲ್ಲಿ ಅಥವಾ ಹಬ್‌ನಲ್ಲಿ ಇರುವ ಕ್ಲಿಪ್ ನೋಡಿದರೆ ಕ್ಯಾಮೆರಾ ಏಳುವುದಿಲ್ಲ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಮಾತ್ರ ಕ್ಲಿಪ್ ಇದ್ದರೆ ಅದನ್ನು ನೋಡಲೂ ಕ್ಯಾಮೆರಾ ಏಳಲೇಬೇಕು, ಅದು ಬೇರೆ ಮಾತು. ಟಿವಿಗೋ ಸ್ಮಾರ್ಟ್ ಡಿಸ್ಪ್ಲೇಗೋ ಲೈವ್ ಹಾಕಿ ಮರೆತು ಹೋಗುವುದಂತೂ ಬೇಡವೇ ಬೇಡ. ಅಪ್ಪ ಅಮ್ಮನನ್ನು ದಿನಾ ನೋಡಬೇಕು ಅನ್ನುವವರು ಹಾಲ್‌ನಲ್ಲಿ ಪ್ಲಗ್ಗಿಗೆ ಹಾಕುವ ಅಗ್ಗದ ಕ್ಯಾಮೆರಾ ಒಂದನ್ನು ಇಡಿಸಿ, ಅದೂ ಅವರನ್ನು ಕೇಳಿದ ಮೇಲೆ.

ಹೆಜ್ಜೆ 6: ಚಾರ್ಜ್ ಮಾಡುವಾಗ

ಬ್ಯಾಟರಿ ಸೊನ್ನೆಗೆ ಬರುವವರೆಗೆ ಕಾಯಬೇಡಿ. 20 ಪರ್ಸೆಂಟ್ ಹತ್ತಿರ ಬಂದಾಗ ಇಳಿಸಿ ಚಾರ್ಜ್ ಮಾಡಿ. ಕ್ಯಾಮೆರಾ ಜೊತೆ ಬಂದ ಕೇಬಲ್, 5 ವೋಲ್ಟ್ 2 ಆಂಪ್‌ನ ಸಾಧಾರಣ ಚಾರ್ಜರ್ ಸಾಕು. ಚಾರ್ಜ್ ಆಗುವಾಗ ಕ್ಯಾಮೆರಾ ಸ್ವಿಚ್ ಆಫ್ ಇರಲಿ, ಇಲ್ಲದಿದ್ದರೆ ಮೇಜಿನ ಮೇಲೆ ಕೂತು ನಿಮ್ಮನ್ನೇ ರೆಕಾರ್ಡ್ ಮಾಡುತ್ತಿರುತ್ತದೆ. ಬ್ಯಾಟರಿ ಬಿಚ್ಚಿ ತೆಗೆಯುವ ಮಾದರಿಯಾದರೆ ಇನ್ನೊಂದು ಬ್ಯಾಟರಿ ಕೊಂಡಿಡುವುದು ಒಳ್ಳೆಯ ಖರ್ಚು, ಕ್ಯಾಮೆರಾ ಒಂದು ನಿಮಿಷವೂ ಖಾಲಿ ಇರುವುದಿಲ್ಲ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳವನ್ನು ಒತ್ತಿ ಹಾಕಿ, ಮಳೆಗಾಲದಲ್ಲಿ ನೀರಿಗಿಂತ ಮುಂಚೆ ಇರುವೆ ನುಗ್ಗುತ್ತದೆ.

ಬಿಸಿ ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು. ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು, ಒಳ್ಳೆಯ ಕ್ಯಾಮೆರಾಗಳು ತಾವೇ ಚಾರ್ಜಿಂಗ್ ನಿಲ್ಲಿಸುತ್ತವೆ. ಪಶ್ಚಿಮದ ಗೋಡೆಗೆ, ನೇರ ಬಿಸಿಲಿಗೆ ಹಾಕಿದರೆ ಏಪ್ರಿಲ್‌ನಲ್ಲಿ ಒಳಗಿನ ಬಿಸಿ ಗಾಳಿಯ ಬಿಸಿಗಿಂತ ಎಷ್ಟೋ ಮೇಲೆ ಹೋಗುತ್ತದೆ. ಸಜ್ಜಾದ ಕೆಳಗೆ ಹಾಕಿ. ಟೊರಾಂಟೊ, ಮಿನಿಯಾಪೊಲಿಸ್ ಕಡೆ ಇರುವ ನಮ್ಮವರಿಗೆ ಸಮಸ್ಯೆ ಉಲ್ಟಾ: ಸೊನ್ನೆಗಿಂತ ಕೆಳಗೆ ಲಿಥಿಯಂ ಅಯಾನ್ ಬ್ಯಾಟರಿಗೆ ಚಾರ್ಜ್ ಮಾಡಿದರೆ ಒಳಗೆ ಹಾನಿ ಆಗುತ್ತದೆ, ಮನೆಯೊಳಗೆ ತಂದು, ಬೆಚ್ಚಗಾಗಲು ಬಿಟ್ಟು, ಆಮೇಲೆ ಚಾರ್ಜಿಗೆ ಹಾಕಿ. ಅಲ್ಲಿ ಜನ ಬಳಸುವ ಬ್ಲಿಂಕ್ ಥರದ ಕ್ಯಾಮೆರಾಗಳಿಗೆ ಎಎ ಗಾತ್ರದ 1.5 ವೋಲ್ಟ್ ಲಿಥಿಯಂ ಸೆಲ್ಲೇ ಹಾಕಬೇಕು. ಅಗ್ಗ ಎಂದು ಆಲ್ಕಲೈನ್ ಹಾಕಿದರೆ ಚಳಿಗೆ, ಅದರ ಎಳೆತಕ್ಕೆ ವೋಲ್ಟೇಜ್ ಕುಸಿದು ಬೇಗ ಕೈಕೊಡುತ್ತದೆ.

ಹೆಜ್ಜೆ 7: ಸೋಲಾರ್ ಪ್ಯಾನೆಲ್, ಆದರೆ ಕಣ್ಣುಮುಚ್ಚಿ ಅಲ್ಲ

3 ವ್ಯಾಟ್‌ನ ಪುಟ್ಟ ಪ್ಯಾನೆಲ್‌ಗೆ ನಾಲ್ಕು ಗಂಟೆ ಒಳ್ಳೆಯ ಬಿಸಿಲು ಬಿದ್ದರೆ, ಸೋರಿಕೆ ಕಳೆದು ಸುಮಾರು 7 ವ್ಯಾಟ್ ಅವರ್ ಸಿಗುತ್ತದೆ. ನಿಮ್ಮ ಕ್ಯಾಮೆರಾಕ್ಕೆ ದಿನಕ್ಕೆ ಅರ್ಧ ಅಥವಾ ಒಂದು ವ್ಯಾಟ್ ಅವರ್ ಸಾಕು. ಹಾಗಿದ್ದರೆ ಪ್ಯಾನೆಲ್ ಹಾಕಿಯೂ ಬ್ಯಾಟರಿ ಇಳಿಯುವುದು ಯಾಕೆ? ಬಿಸಿಲೇ ಬೀಳುತ್ತಿಲ್ಲ, ಅದಕ್ಕೆ.

ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ, ಇದು ಕರ್ನಾಟಕಕ್ಕೆ ಸರಿಯಾದ ಅಂದಾಜು. ಆದರೆ ದಕ್ಷಿಣದ ಗೋಡೆಗೆ ಸಜ್ಜಾದ ಕೆಳಗೆ ಹಾಕಿದರೆ ಏನಾಗುತ್ತದೆ ಯೋಚಿಸಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ, ಸೂರ್ಯ ನಡುನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆ ನಾಲ್ಕು ತಿಂಗಳು ನಿಮ್ಮ ದಕ್ಷಿಣದ ಪ್ಯಾನೆಲ್ ಸಜ್ಜಾದ ನೆರಳಲ್ಲಿ ಕೂತಿರುತ್ತದೆ, ಮಳೆಗಾಲವೂ ಅದರಲ್ಲೇ ಸೇರಿಕೊಳ್ಳುತ್ತದೆ. ಕ್ಯಾಮೆರಾ ಸಜ್ಜಾದ ಕೆಳಗೆ, ಪ್ಯಾನೆಲ್ ಸಜ್ಜಾದ ಮೇಲೆ ಅಥವಾ ಪ್ಯಾರಪೆಟ್ ಗೋಡೆ ಮೇಲೆ, ಮಧ್ಯೆ ಉದ್ದನೆಯ ಕೇಬಲ್. ಹೀಗೆ ಮಾಡಿದರೆ ಎರಡೂ ಸುಖವಾಗಿರುತ್ತವೆ. ಪ್ಯಾನೆಲ್ ಮತ್ತು ಕ್ಯಾಮೆರಾ ಒಂದೇ ಬಾಡಿಯಲ್ಲಿ ಅಂಟಿಕೊಂಡು ಬರುವ ಮಾದರಿಗಳಲ್ಲಿ ಈ ಸ್ವಾತಂತ್ರ್ಯ ಇಲ್ಲ, ಹಾಗಾಗಿ ನನಗೆ ಅವು ಅಷ್ಟಾಗಿ ಇಷ್ಟವಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ದಟ್ಟ ಮೋಡದ ದಿನ ಇದೇ ಪ್ಯಾನೆಲ್‌ನಿಂದ ಒಂದು ವ್ಯಾಟ್ ಅವರ್ ಆಸುಪಾಸು ಬಂದರೆ ಪುಣ್ಯ. ದಿನಕ್ಕೆ 30 ಸಲ ಏಳುವ ಕ್ಯಾಮೆರಾ ಅದರಲ್ಲಿ ಹೇಗೋ ಬದುಕುತ್ತದೆ, 150 ಸಲ ಏಳುವುದು ಬದುಕುವುದಿಲ್ಲ. ಅಡಿಕೆ ತೋಟದ ನೆರಳಲ್ಲಂತೂ ಪ್ಯಾನೆಲ್ ಹಾಕಿ ಪ್ರಯೋಜನ ಇಲ್ಲ, ಕಣದ ಬಯಲಿಗೋ ತೋಟದ ಮನೆಯ ಮಾಡಿಗೋ ತನ್ನಿ. ಬಯಲುಸೀಮೆಯಲ್ಲಿ ಧೂಳು, ಎಲ್ಲ ಕಡೆ ಕಾಗೆ ಹಿಕ್ಕೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ತೋಟಕ್ಕೆ ಹಾಕುವ 4ಜಿ ಸಿಮ್ ಕ್ಯಾಮೆರಾ ವೈಫೈ ಕ್ಯಾಮೆರಾಕ್ಕಿಂತ ಜಾಸ್ತಿ ಕುಡಿಯುತ್ತದೆ, ಟವರ್ ದೂರ ಇದ್ದರೆ ಇನ್ನೂ ಜಾಸ್ತಿ. ಕ್ಯಾಮೆರಾ ಕೊಳ್ಳುವ ಮೊದಲೇ ಆ ಜಾಗದಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ಎಂದು ಎರಡು ಮೂರು ಫೋನ್ ಹಿಡಿದು ನೋಡಿ, ಅದೇ ಸಿಮ್ ಹಾಕಿ. ಇವಕ್ಕೆ 3 ವ್ಯಾಟ್ ಸಾಲದು, 6 ಅಥವಾ ಅದಕ್ಕಿಂತ ದೊಡ್ಡ ಪ್ಯಾನೆಲ್ ಬೇಕು.

ಎಲ್ಲ ಮಾಡಿಯೂ ಇಳಿಯುತ್ತಿದ್ದರೆ

ಎರಡು ಸಾಧ್ಯತೆ. ಒಂದು, ಆ ಜಾಗ ಬ್ಯಾಟರಿ ಕ್ಯಾಮೆರಾದ್ದಲ್ಲ. ಅಂಗಡಿ ಮುಂಭಾಗ, ಮುಖ್ಯರಸ್ತೆಗೆ ಬಾಯಿ ತೆರೆದ ಗೇಟು, ಪಿಜಿ ಕಟ್ಟಡದ ಮೆಟ್ಟಿಲು, ಇಲ್ಲೆಲ್ಲ ವೈರ್ ಎಳೆದು ಪ್ಲಗ್ ಕ್ಯಾಮೆರಾ ಹಾಕಿಸುವುದೇ ಸರಿ. ಬ್ಯಾಟರಿ ಕ್ಯಾಮೆರಾಕ್ಕೆ ಪವರ್ ಬ್ಯಾಂಕ್ ಕಟ್ಟಿ ನೇತುಹಾಕುವವರೂ ಇದ್ದಾರೆ. ಎಳೆತ ಕಡಿಮೆ ಇದ್ದರೆ ಬಹಳಷ್ಟು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ, ಮೇಲಿಂದ ಬಿಸಿಲು ಮಳೆ ಬೇರೆ. ಬೇಡ.

ಎರಡು, ಬ್ಯಾಟರಿಗೆ ವಯಸ್ಸಾಗಿದೆ. ನೂರಾರು ಸಲ ಚಾರ್ಜ್ ಆದ ಲಿಥಿಯಂ ಬ್ಯಾಟರಿ ಹೊಸದರಷ್ಟು ಹಿಡಿಯುವುದಿಲ್ಲ. ಬದಲಾಯಿಸುವಾಗ ಎಚ್ಚರ: ಅಗ್ಗದ ಕ್ಯಾಮೆರಾಗಳ ಒಳಗೆ 18650 ಎಂಬ ಸೆಲ್ ಇರುತ್ತದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಒಳ್ಳೆಯ ಸೆಲ್‌ಗಳು ಸಾಮಾನ್ಯವಾಗಿ 2000ದಿಂದ 3500 ಎಂಎಎಚ್. ಮಾರ್ಕೆಟ್‌ನಲ್ಲಿ 9800 ಎಂದು ಅಚ್ಚು ಹಾಕಿದ ಸೆಲ್ ಸಿಕ್ಕರೆ ಮುಟ್ಟಬೇಡಿ, ಅದು ಶುದ್ಧ ಸುಳ್ಳು. ಕೈಯಲ್ಲಿ ತೂಗಿ ನೋಡಿದರೂ ಗೊತ್ತಾಗುತ್ತದೆ, ಅಸಲಿ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ನಕಲಿ ಹಲವು ಸಲ ಹಗುರ.

ಬ್ಯಾಟರಿ ಉಬ್ಬಿದ್ದರೆ, ಕ್ಯಾಮೆರಾದ ಹಿಂಬದಿ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಎಂದರೆ, ಇನ್ನೊಂದು ಸಲ ಚಾರ್ಜ್ ಮಾಡಿ ನೋಡೋಣ ಎಂದುಕೊಳ್ಳಬೇಡಿ. ಚುಚ್ಚಬೇಡಿ, ಒತ್ತಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಹತ್ತಿ ಬಟ್ಟೆ ಕಾಗದ ಇಲ್ಲದ ಜಾಗದಲ್ಲಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಆಟೋದವರ ಹಸಿ ಕಸಕ್ಕೂ ಬೇಡ, ಒಣ ಕಸಕ್ಕೂ ಬೇಡ, ಲಾರಿಯಲ್ಲಿ ಒತ್ತಿದಾಗ ಬೆಂಕಿ ಹೊತ್ತಿಕೊಳ್ಳುವುದು ಇಂಥದ್ದರಿಂದಲೇ.